ಮದೇರ್‌ನಲ್ಲಿ 534, ಸೆಸಾಕ್‌ನಲ್ಲಿ 670: ಒಂದು ಪ್ರಕರಣ ಅಧ್ಯಯನ

ಎರಡು ಹಳ್ಳಿಗಳು. ಒಂದರ ಹೆಸರು ಮದೇರ್, ಇನ್ನೊಂದರ ಹೆಸರು ಸೆಸಾಕ್.

ಮದೇರ್‌ನಲ್ಲಿ 534 ಜನ. ದುಡಿಯುವವರು 279, ಅದರಲ್ಲಿ 208 ಮಂದಿ ಬೇಸಾಯದವರು, 27 ಮಂದಿ ಕೈಕಸುಬಿನವರು, 12 ಮಂದಿ ಬೇಸಾಯದಾಚೆಯ ಕಾರ್ಮಿಕರು, ಮಿಕ್ಕ 32 ಮಂದಿ ಅಂಗಡಿ, ಶಾಲೆ, ಕಚೇರಿ ಅಂತ ಸೇವೆಯ ಕೆಲಸ ಹಿಡಿದವರು. ಊರಿಗೆಲ್ಲ ಎರಡೇ ಟ್ರ್ಯಾಕ್ಟರು. ಗೋಧಿ ಹೆಕ್ಟೇರಿಗೆ 12 ಕ್ವಿಂಟಲ್ ಬಂದರೆ ಸಾಧಾರಣ ಬೆಳೆ. ಮನೆಯ ಖರ್ಚಿನ ಮುಕ್ಕಾಲು ಪಾಲು ಹೊಟ್ಟೆಗೇ ಹೋಗುತ್ತದೆ, ಆ ಊಟದಲ್ಲೂ ಅರ್ಧ ಬರೀ ಬ್ರೆಡ್ಡು ಮತ್ತು ಆಲೂಗಡ್ಡೆ. ಕಟುಕನ ಅಂಗಡಿಯ ಮಾಂಸ ವಾರಕ್ಕೊಮ್ಮೆ. ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಊರಲ್ಲಿ ಎದ್ದ ಹೊಸ ಮನೆ ಮೂರು.

ಸೆಸಾಕ್‌ನಲ್ಲಿ 670 ಜನ. ಇಲ್ಲಿ ದುಡಿಯುವವರು 215: ಬೇಸಾಯದವರು 53, ಕೈಕಸುಬಿನವರು 25, ಕಾರ್ಮಿಕರು 35, ಸೇವೆಯ ಕೆಲಸದವರು 102. ಟ್ರ್ಯಾಕ್ಟರು ಸುಮಾರು 40. ಗೋಧಿ ಹೆಕ್ಟೇರಿಗೆ 35 ಕ್ವಿಂಟಲ್. ಇಪ್ಪತ್ತು ವರ್ಷದಲ್ಲಿ ಐವತ್ತು ಹೊಸ ಮನೆ. ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಫ್ರಿಜ್, ಟಿವಿ, ಬಾಗಿಲಲ್ಲಿ ಕಾರು.

ಒಂದು ಹಿಂದುಳಿದ ದೇಶದ ಹಳ್ಳಿ, ಇನ್ನೊಂದು ಮುಂದುವರಿದ ದೇಶದ್ದು ಅಂತ ಯಾರಿಗಾದರೂ ಅನ್ನಿಸಬೇಕು. ಹಾಗನ್ನಿಸಲಿ ಎಂದೇ ಬರೆದದ್ದು. ಫ್ರೆಂಚ್ ಅರ್ಥಶಾಸ್ತ್ರಜ್ಞ ಝಾಂ ಫುರಾಸ್ತಿಯೆ 1979ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಈ ಎರಡು ಊರುಗಳಿಂದ ಶುರುಮಾಡುತ್ತಾನೆ. ಓದುಗ ಎರಡನ್ನೂ ಅಕ್ಕಪಕ್ಕ ಇಟ್ಟು ತೂಗಿ ಮುಗಿಸಿದ ಮೇಲೆ ಗುಟ್ಟು ಒಡೆಯುತ್ತಾನೆ: ಎರಡೂ ಒಂದೇ ಊರು, ಫ್ರಾನ್ಸಿನ ದುವೆಲ್. ಮದೇರ್ ಎಂಬುದು 1946ರ ದುವೆಲ್, ಸೆಸಾಕ್ ಎಂಬುದು 1975ರ ದುವೆಲ್. ನಡುವಿನ ಮೂವತ್ತು ವರ್ಷಕ್ಕೆ ಅವನು ಕೊಟ್ಟ ಹೆಸರು ‘ವೈಭವದ ಮೂವತ್ತು’. 1830ರ ಜುಲೈ ಕ್ರಾಂತಿಯ ಮೂರು ದಿನಗಳನ್ನು ಫ್ರೆಂಚರು ‘ವೈಭವದ ಮೂರು’ ಎಂದು ಕರೆಯುತ್ತಿದ್ದರು, ಅದನ್ನೇ ಸ್ವಲ್ಪ ತಿರುಗಿಸಿದ. ಆ ಹೆಸರು ಇವತ್ತು ಫ್ರಾನ್ಸಿನ ಶಾಲಾಮಕ್ಕಳಿಗೂ ಗೊತ್ತು. ಹಳ್ಳಿಯ ಹೆಸರು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಹಳ್ಳಿಗೆ ಸುಳ್ಳು ಹೆಸರಿಡುವುದು ನಮಗೇನೂ ಹೊಸದಲ್ಲ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಹೋಗಿ ಕೂತ ಮೈಸೂರು ಸೀಮೆಯ ಕೊಡಗಹಳ್ಳಿ ಅವರ ಬರಹದಲ್ಲಿ ರಾಂಪುರವಾಯಿತು. ಅವರು ಊರಿನವರ ಮಾನ ಕಾಯಲು ಹಾಗೆ ಮಾಡಿದರು, ಫುರಾಸ್ತಿಯೆ ಓದುಗನನ್ನು ಬಲೆಗೆ ಕೆಡವಲು ಮಾಡಿದ. ಬಲೆ ಚೆನ್ನಾಗಿಯೇ ಇದೆ. ಆದರೆ ಅದರೊಳಗೆ ಬಿದ್ದವರು ಸಾಮಾನ್ಯವಾಗಿ ಫ್ರಿಜ್ಜು ಟಿವಿಗಳನ್ನು ಎಣಿಸಿ ಎದ್ದುಹೋಗುತ್ತಾರೆ. ನನಗೆ ಬೇಕಿರುವುದು ಆ ಎರಡು ಜನಸಂಖ್ಯೆಗಳು ಮತ್ತು ಊರು ಕೂತ ಜಾಗ. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಕತೆ ಕೊಂಚ ಬೇರೆಯೇ ಕಾಣುತ್ತದೆ.

ಊರು ಕೂತ ಜಾಗ

ದುವೆಲ್ ಇರುವುದು ಫ್ರಾನ್ಸಿನ ನೈಋತ್ಯದಲ್ಲಿ, ಲೊತ್ ಜಿಲ್ಲೆಯಲ್ಲಿ. ಹಳಬರ ಬಾಯಲ್ಲಿ ಈ ಸೀಮೆ ಕೆರ್ಸಿ. ಜಿಲ್ಲೆಗೆ ಹೆಸರು ಕೊಟ್ಟ ಲೊತ್ ನದಿ ಪೂರ್ವದ ಸೆವೆನ್ ಬೆಟ್ಟಗಳಲ್ಲಿ ಹುಟ್ಟಿ, 480 ಕಿಲೋಮೀಟರಿಗೂ ಹೆಚ್ಚು ಹರಿದು ಗರೋನ್ ನದಿಯನ್ನು ಸೇರುತ್ತದೆ. ಕಾವೋರ್ ಪಟ್ಟಣದ ಹತ್ತಿರ ಅದಕ್ಕೆ ನೆಟ್ಟಗೆ ಹರಿಯುವುದೇ ಮರೆತುಹೋಗುತ್ತದೆ. ಹಾವು ಹೊರಳಿದ ಹಾಗೆ ಬಳುಕುತ್ತದೆ. ಕಾವೋರ್ ಪಟ್ಟಣವೇ ಅಂಥ ಒಂದು ಬಳುಕಿನ ಮಡಿಲಲ್ಲಿದೆ. ಅಲ್ಲಿಂದ ಹತ್ತು ಕಿಲೋಮೀಟರಿನಷ್ಟು ಕೆಳಗೆ, ಎಡದಂಡೆಯಲ್ಲಿ ದುವೆಲ್.

ಈ ಸೀಮೆಯಲ್ಲಿ ನೆಲ ಎರಡು ಬಗೆ. ಮೇಲೆ ಕೋಸ್ ಎಂದು ಕರೆಯುವ ಸುಣ್ಣಕಲ್ಲಿನ ಪ್ರಸ್ಥಭೂಮಿ: ಬಿದ್ದ ಮಳೆ ಬಿರುಕಿನೊಳಗೆ ಇಳಿದು ಮಾಯವಾಗುತ್ತದೆ, ಮೇಲ್ಮಣ್ಣು ಒಂದು ಗೇಣು, ಕುಳ್ಳ ಓಕ್ ಮರ, ಕುರಿ, ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ಕೆಳಗೆ ನದಿ ತಂದು ಹಾಕಿದ ಮೆಕ್ಕಲಿನ ಮೆಟ್ಟಿಲುಗಳು. ಮೇಲಿನ ಮೆಟ್ಟಿಲಲ್ಲಿ ಜಲ್ಲಿ ಜಾಸ್ತಿ, ಅಲ್ಲಿ ದ್ರಾಕ್ಷಿ. ನದಿಗೆ ಹತ್ತಿರದ ತಗ್ಗಿನಲ್ಲಿ ಧಾನ್ಯ, ತರಕಾರಿ. ತಗ್ಗಿನ ಮಣ್ಣು ಫಲವತ್ತು ನಿಜ, ಆದರೆ ನದಿ ತನ್ನ ಬಾಡಿಗೆ ವಸೂಲಿ ಮಾಡಿಕೊಳ್ಳುತ್ತದೆ. 1927ರ ಮಾರ್ಚ್ ತಿಂಗಳ ನೆರೆಯನ್ನು ಕಣಿವೆಯವರು ಇವತ್ತಿಗೂ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ದುವೆಲ್ ಕಣಿವೆಯ ಊರು, ಅದರ ಬೆನ್ನ ಹಿಂದೆ ಕೋಸ್. ಮುಂದೆ ಜನಸಂಖ್ಯೆಯ ಮಾತು ಬಂದಾಗ ಇದು ನೆನಪಿರಲಿ, ಏಕೆಂದರೆ ಕಣಿವೆಯ ಹಳ್ಳಿಗೂ ಕೋಸ್‌ನ ಮೇಲಿನ ಹಳ್ಳಿಗೂ ಹಣೆಬರಹ ಒಂದೇ ಆಗಲಿಲ್ಲ.

ದುವೆಲ್ ಎಂಬ ಪದಕ್ಕೆ ಫ್ರೆಂಚ್‌ನಲ್ಲಿ ಪೀಪಾಯಿಯ ಹಲಗೆ ಎಂಬ ಅರ್ಥವಿದೆ. ಓಕ್ ಮರವನ್ನು ಎಳೆಯ ಉದ್ದಕ್ಕೆ ಸೀಳಿ, ಮಳೆಬಿಸಿಲಿಗೆ ವರ್ಷಗಟ್ಟಲೆ ಒಡ್ಡಿ ಪಳಗಿಸಿ, ಅಂಚನ್ನು ಓರೆಯಾಗಿ ಹೆರೆದು, ಒಂದು ಕಬ್ಬಿಣದ ಪಟ್ಟಿಯೊಳಗೆ ವೃತ್ತಾಕಾರವಾಗಿ ನಿಲ್ಲಿಸುತ್ತಾರೆ. ಒಳಗೆ ಸಣ್ಣ ಬೆಂಕಿ, ಹೊರಗೆ ನೀರು. ಕಾಯುತ್ತ, ನೆನೆಯುತ್ತ ಹಲಗೆ ಬಾಗುತ್ತದೆ, ಆಗ ಇನ್ನೊಂದು ತುದಿಗೂ ಪಟ್ಟಿ ಬಿಗಿಯುತ್ತಾರೆ. ಮೊಳೆ ಇಲ್ಲ, ಅಂಟು ಇಲ್ಲ. ಊರಿನ ಹೆಸರೂ ಕಸುಬೂ ಇಷ್ಟು ಚೆಂದ ಕೂಡುವುದು ಅಪರೂಪ, ಏಕೆಂದರೆ ಈ ಊರು ಬದುಕಿದ್ದೇ ವೈನ್ ಮತ್ತು ದೋಣಿಯ ಮೇಲೆ. ಕಾವೋರ್‌ನ ಕಪ್ಪುಗೆಂಪು ವೈನನ್ನು ಪೀಪಾಯಿಗಳಲ್ಲಿ ತುಂಬಿ, ಗಬಾರ್ ಎಂಬ ಚಪ್ಪಟೆ ತಳದ ದೋಣಿಗೆ ಹೇರಿ, ಲೊತ್‌ನಲ್ಲಿ ಇಳಿದು, ಗರೋನ್ ಹಿಡಿದು ಬೋರ್ಡೋ ಬಂದರಿಗೆ ಒಯ್ಯುತ್ತಿದ್ದರು. ಹೋಗುವುದು ಹೊಳೆಯ ದಯೆ, ಬರುವುದು ಮೈಕಸುವು: ಪ್ರವಾಹಕ್ಕೆ ಎದುರಾಗಿ ದಡದ ಮೇಲಿಂದ ಹಗ್ಗ ಕಟ್ಟಿ ಎಳೆಯಬೇಕು. 17ನೇ ಶತಮಾನದಲ್ಲಿ ಕೋಲ್ಬೆರ್ ಮಂತ್ರಿಯಾಗಿದ್ದಾಗ ಈ ನದಿಗೆ ದೋಣಿಗಳನ್ನು ಮಟ್ಟದಿಂದ ಮಟ್ಟಕ್ಕೆ ಏರಿಳಿಸುವ ಲಾಕ್‌ಗೇಟುಗಳು ಬಂದವು, ಓಡಾಟ ಹೆಚ್ಚಿತು. ದುವೆಲ್ ಅಂಬಿಗರ ಊರೆಂದೇ ಹೆಸರಾಯಿತು. ಇವತ್ತು ಹೊಳೆಯಂಚಿನ ಉದ್ದ ಗೋಡೆಯ ಮೇಲೆ ವೈನಿನ ಕತೆಯನ್ನು ದೊಡ್ಡ ಬಣ್ಣದ ಚಿತ್ರವಾಗಿ ಬರೆಸಿದ್ದಾರೆ. ಗಬಾರ್‌ಗಳ ಜಾಗದಲ್ಲಿ ಪ್ರವಾಸಿಗರ ಬಾಡಿಗೆ ದೋಣಿಗಳು.

ಬರಿದಾದ ಬಗೆ

ಒಂದೇ ತಲೆಮಾರಿನಲ್ಲಿ ಎರಡು ಪೆಟ್ಟು ಬಿದ್ದವು. 1869ರಲ್ಲಿ ಕೆಳಗಣ ಲಿಬೋಸ್‌ನಿಂದ ಕಾವೋರ್‌ವರೆಗೆ ರೈಲು ಬಂತು. ಪೀಪಾಯಿಗಳು ರೈಲು ಹತ್ತಿದವು, ಅಂಬಿಗರು ದಡ ಹತ್ತಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಫಿಲಾಕ್ಸೆರಾ ಬಂತು. ದ್ರಾಕ್ಷಿಯ ಬೇರಿಗೆ ಹತ್ತಿ ರಸ ಹೀರುವ ಈ ಸಣ್ಣ ಹೇನು ಅಮೆರಿಕದಿಂದ ಬಂದದ್ದು. ಕಾವೋರ್ ಸೀಮೆಯ ತೋಟಗಳನ್ನು ನೆಲಸಮ ಮಾಡಿತು. ದೋಣಿಯೂ ಇಲ್ಲ, ದೋಣಿಗೆ ಹೇರಲು ಸರಕೂ ಇಲ್ಲ. ಜನ ಊರು ಬಿಟ್ಟರು.

ಇಡೀ ಜಿಲ್ಲೆಯ ಲೆಕ್ಕ ನೋಡಿದರೆ ಇದರ ಆಳ ಗೊತ್ತಾಗುತ್ತದೆ. 1851ರಲ್ಲಿ ಲೊತ್ ಜಿಲ್ಲೆಯ ಜನಸಂಖ್ಯೆ ಸುಮಾರು 2.96 ಲಕ್ಷ, 1946ರಲ್ಲಿ ಸುಮಾರು 1.55 ಲಕ್ಷ. ತೊಂಬತ್ತೈದು ವರ್ಷದಲ್ಲಿ ಜಿಲ್ಲೆಯ ಅರ್ಧದಷ್ಟು ಮಂದಿ ಲೆಕ್ಕದಿಂದ ಹೋಗಿದ್ದರು. ಕೆಲವರು ಪ್ಯಾರಿಸ್‌ಗೆ, ಕೆಲವರು ಬೋರ್ಡೋಗೆ, ಕೆಲವರು ತೂಲೂಸ್‌ಗೆ; ಹೋಗದೆ ಉಳಿದ ಗಂಡಸರಲ್ಲಿ ಎಷ್ಟೋ ಮಂದಿ 1914ರ ಯುದ್ಧದಲ್ಲಿ ಹೋದರು. ಫ್ರಾನ್ಸಿನ ಯಾವ ಹಳ್ಳಿಗೆ ಹೋದರೂ ಆ ಯುದ್ಧದಲ್ಲಿ ಸತ್ತವರ ಹೆಸರು ಕೊರೆದ ಕಲ್ಲು ಎದುರಾಗುತ್ತದೆ. ಅಂದರೆ 1946ರ 534 ಎಂಬುದು ಯಾವುದೋ ಸನಾತನ, ಅಲುಗಾಡದ ಹಳ್ಳಿಯ ಸಂಖ್ಯೆಯಲ್ಲ. ಎಂಬತ್ತು ವರ್ಷ ಸೋರಿ ಉಳಿದ ಪಾತ್ರೆಯ ಮಟ್ಟ ಅದು. ಫುರಾಸ್ತಿಯೆಯ ಮದೇರ್ ಶತಮಾನಗಳಿಂದ ಬದಲಾಗದ ಊರಿನ ಹಾಗೆ ಕಾಣುತ್ತದೆ; ನನಗೆ ಮೊದಲು ತಕರಾರು ಅನ್ನಿಸಿದ್ದು ಅಲ್ಲಿ.

ಕೂಡಿ ಕಳೆದು ನೋಡಿದಾಗ

ಈಗ ಅಂಕಿಗಳು. 1946 ಮತ್ತು 1975 ಎರಡೂ ಫ್ರಾನ್ಸಿನಲ್ಲಿ ಜನಗಣತಿ ನಡೆದ ವರ್ಷಗಳು. ಈ ನಡುವೆ ದುವೆಲ್‌ಗೆ 136 ಜನ ಹೆಚ್ಚಾದರು, ಶೇಕಡ 25ರಷ್ಟು. ದುಡಿಯುವವರು 64 ಮಂದಿ ಕಡಿಮೆಯಾದರು. ಈ ಎರಡನ್ನು ಒಟ್ಟಿಗೆ ಇಟ್ಟರೆ ಮೂರನೆಯ ಸಂಖ್ಯೆ ಬರುತ್ತದೆ: ಗಣತಿಯ ಪ್ರಕಾರ ಕೆಲಸದಲ್ಲಿಲ್ಲದವರು 255ರಿಂದ 455ಕ್ಕೆ ಏರಿದರು. ಸರಿಯಾಗಿ 200 ಮಂದಿ ಹೆಚ್ಚು. ಮದೇರ್‌ನಲ್ಲಿ ನೂರಕ್ಕೆ 52 ಜನ ದುಡಿಯುತ್ತಿದ್ದರು, ಸೆಸಾಕ್‌ನಲ್ಲಿ 32.

ಯಾರು ಈ 200 ಮಂದಿ? ಈ ಪ್ರಕರಣದ ತಿರುಳು ಇಲ್ಲಿದೆ.

ಒಂದು ಪಾಲು ಮುದುಕರು. ಹಿಂದೆ ರೈತನಿಗೆ ನಿವೃತ್ತಿ ಎಂಬುದೇ ಇರಲಿಲ್ಲ. ಕೈಕಾಲು ಆಡುವಷ್ಟು ದಿನ ಅವನು ಗಣತಿಯಲ್ಲಿ ರೈತನೇ. 1952ರ ಕಾಯಿದೆ ಬೇಸಾಯಗಾರರಿಗೆ ಮುಪ್ಪಿನ ವಿಮೆ ತಂದಿತು. 1962ರಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಯಸ್ಸಾದ ರೈತ ಜಮೀನು ಬಿಟ್ಟುಕೊಟ್ಟರೆ ಬದುಕಿರುವವರೆಗೂ ಭತ್ಯೆ ಕೊಡುವ ಯೋಜನೆ ಮಾಡಿತು. ಸಣ್ಣ ಹಿಡುವಳಿಗಳು ಕೂಡಿ ದೊಡ್ಡದಾಗಲಿ ಎಂಬುದು ಲೆಕ್ಕಾಚಾರ. ಅಜ್ಜ ಮನೆಯಲ್ಲೇ ಇದ್ದ, ಅದೇ ಜಗಲಿಯಲ್ಲೇ ಕೂತಿದ್ದ. ಒಂದು ಕಾಲಮಿನಿಂದ ಇನ್ನೊಂದಕ್ಕೆ ದಾಟಿದ್ದ.

ಇನ್ನೊಂದು ಪಾಲು ಮಕ್ಕಳು. 1946ರಲ್ಲಿ ಶಾಲೆ 14ನೇ ವಯಸ್ಸಿಗೆ ಮುಗಿಯುತ್ತಿತ್ತು, ಮರುದಿನದಿಂದ ಹೊಲ. 1959ರ ಸುಧಾರಣೆ ಅದನ್ನು 16ಕ್ಕೆ ಏರಿಸಿತು. 1975ರ ಹೊತ್ತಿಗೆ ಹದಿನೈದರ ಹುಡುಗ ಬಸ್ಸು ಹತ್ತಿ ಪಟ್ಟಣದ ಶಾಲೆಗೆ ಹೋಗುವವನು.

ಮೂರನೆಯ ಪಾಲು ಹೆಂಗಸರು. ಇಲ್ಲಿ ಲೆಕ್ಕದವರ ಕೈಚಳಕವೂ ಸೇರಿದೆ. ಫ್ರಾನ್ಸಿನ ಹಳೆಯ ಗಣತಿಗಳಲ್ಲಿ ರೈತನ ಹೆಂಡತಿ ಬೇರೆ ಕಸುಬು ಹೇಳದಿದ್ದರೆ ಅವಳನ್ನೂ ಬೇಸಾಯಗಾರಳೆಂದೇ ಬರೆಯುವ ರೂಢಿಯಿತ್ತು. 1954ರಿಂದ ಆ ನಿಯಮ ಬದಲಾಯಿತು. ಹಾಗಾಗಿ 208ರಿಂದ 53ಕ್ಕೆ ಬಿದ್ದ ರೈತರ ಸಂಖ್ಯೆಯಲ್ಲಿ ಹೊಲ ಬಿಟ್ಟವರ ಜೊತೆಗೆ, ಹೊಲದಲ್ಲೇ ಇದ್ದೂ ಪಟ್ಟಿಯಿಂದ ಹೊರಬಿದ್ದವರೂ ಇರುತ್ತಾರೆ. ಕೋಳಿ ಬಾತುಕೋಳಿ ಸಾಕಿ, ದ್ರಾಕ್ಷಿ ಕಟಾವಿಗೆ ನಿಂತು, ಮನೆ ನಡೆಸಿದ ಹೆಂಗಸು 1946ರಲ್ಲಿ ದುಡಿಯುವವಳು. ಅದನ್ನೇ ಮಾಡುತ್ತಿದ್ದ ಅವಳ ಸೊಸೆ 1975ರಲ್ಲಿ ಎಷ್ಟೋ ಸಲ ‘ಗೃಹಿಣಿ’. ನಮ್ಮ ಗಣತಿಯಲ್ಲೂ ಈ ಗೋಜಲು ಇಲ್ಲದಿಲ್ಲ. ಹಟ್ಟಿ ತೊಳೆದು ಹಾಲು ಕರೆಯುವವಳನ್ನು ಯಾವ ಕಾಲಮಿಗೆ ಹಾಕುವುದು ಎಂದು ಪೆನ್ನು ಹಿಡಿದು ಯೋಚಿಸಿದವರನ್ನು ನಾನು ಕಂಡಿದ್ದೇನೆ.

ಇನ್ನು ಸೇವೆಯ ಕೆಲಸ 32ರಿಂದ 102ಕ್ಕೆ ಏರಿದ್ದು. ಈ 102 ಮಂದಿಗೂ ಕೆಲಸ ಕೊಡುವಷ್ಟು ಅಂಗಡಿ ಕಚೇರಿಗಳು 670 ಜನರ ಊರಲ್ಲಿ ಹಿಡಿಸುವುದಿಲ್ಲ. ಉತ್ತರ ನಕ್ಷೆಯಲ್ಲಿದೆ. ಹತ್ತು ಕಿಲೋಮೀಟರು ದೂರದ ಕಾವೋರ್ ಜಿಲ್ಲಾಕೇಂದ್ರ: ಪ್ರಿಫೆಕ್ಟ್ ಎಂಬ ಜಿಲ್ಲಾಧಿಕಾರಿಯ ಕಚೇರಿ, ಆಸ್ಪತ್ರೆ, ಶಾಲೆಗಳು, ಅಂಚೆ, ಬ್ಯಾಂಕು. ನಡೆದು ಹೋಗಬೇಕಿದ್ದ ಕಾಲದಲ್ಲಿ ಹತ್ತು ಕಿಲೋಮೀಟರೆಂದರೆ ಸಂತೆಯ ದಿನದ ಪಯಣ, ಕಾರು ಬಂದ ಮೇಲೆ ಕಾಲು ಗಂಟೆ. ಊರೂ ಕದಲಲಿಲ್ಲ, ಪಟ್ಟಣವೂ ಕದಲಲಿಲ್ಲ, ನಡುವಿನ ದೂರ ಕುಗ್ಗಿತು. ಇಪ್ಪತ್ತು ವರ್ಷದಲ್ಲಿ ಎದ್ದ ಆ ಐವತ್ತು ಮನೆಗಳಿಗೆ ಕಾರಣ ಹುಡುಕುವವರು ಹೊಲದ ಕಡೆ ನೋಡಿದರೆ ಸಾಲದು, ಕಾವೋರ್ ರಸ್ತೆಯನ್ನೂ ನೋಡಬೇಕು.

ಇದಕ್ಕೊಂದು ಪರೀಕ್ಷೆಯಿದೆ. ದುವೆಲ್ 534ರಿಂದ 670ಕ್ಕೆ ಏರಿದ ಅದೇ ಮೂವತ್ತು ವರ್ಷದಲ್ಲಿ ಲೊತ್ ಜಿಲ್ಲೆಯ ಒಟ್ಟು ಜನಸಂಖ್ಯೆ ಏರಲಿಲ್ಲ, ಸುಮಾರು 1.55 ಲಕ್ಷದಿಂದ 1.5 ಲಕ್ಷದ ಹತ್ತಿರಕ್ಕೆ ಇಳಿಯಿತು. ದುವೆಲ್‌ನಂಥ ಊರುಗಳು ಬೆಳೆದವೆಂದರೆ, ಜಿಲ್ಲೆ ಇಳಿದಿದೆಯೆಂದರೆ, ಬೇರೆಲ್ಲೋ ಊರುಗಳು ಕರಗಿವೆ. ಕರಗಿದ್ದು ಹೆಚ್ಚಾಗಿ ಕೋಸ್‌ನ ಮೇಲೆ, ಪಟ್ಟಣಕ್ಕೆ ದೂರವಾದ ಕಡೆ. ಫುರಾಸ್ತಿಯೆ ಅಂಥ ಒಂದು ಊರನ್ನು ಆರಿಸಿಕೊಂಡಿದ್ದರೂ ಫ್ರಿಜ್ಜು ಟ್ರ್ಯಾಕ್ಟರು ಸಿಗುತ್ತಿದ್ದವು. ಐವತ್ತು ಹೊಸ ಮನೆ ಸಿಗುತ್ತಿತ್ತೇ ಎನ್ನುವುದು ಅನುಮಾನ. ಅವನು ದುವೆಲ್ ಆರಿಸಿದ್ದಕ್ಕೆ ಕಾರಣ ಸರಳ: ಅದು ಅವನ ಮನೆತನದ ಊರು. ಬಾಲ್ಯದ ರಜೆಗಳನ್ನು ಅಲ್ಲಿ ಕಳೆದವನು, ಎರಡನೆಯ ಮಹಾಯುದ್ಧದ ನಂತರ ಪ್ಯಾರಿಸ್‌ನಲ್ಲಿ ಝಾಂ ಮೊನೆ ಕಟ್ಟಿದ ಯೋಜನಾ ಆಯೋಗದಲ್ಲಿ ಕೆಲಸ ಮಾಡಿದವನು, 1990ರಲ್ಲಿ ಅದೇ ದುವೆಲ್‌ನಲ್ಲಿ ಕಣ್ಣುಮುಚ್ಚಿದವನು. ಇದರಿಂದ ಅವನ ಅಂಕಿಗಳಿಗೆ ಒಂದು ಬಿಸುಪು ಬಂದಿದೆ, ಪ್ರತಿ ಮನೆಯ ಒಲೆಯನ್ನೂ ಬಲ್ಲವನು ಬರೆದ ಹಾಗೆ. ಜೊತೆಗೆ ಸ್ವಲ್ಪ ಪಕ್ಷಪಾತವೂ ಬಂದಿದೆ.

ಪಕ್ಷಪಾತದ ಇನ್ನೊಂದು ಎಳೆ ವರ್ಷದ ಆಯ್ಕೆಯಲ್ಲಿದೆ. 1946 ಎಂದರೆ ಆ ಯುದ್ಧ ಮುಗಿದು ಆಗಷ್ಟೇ ವರ್ಷ ತುಂಬಿದ ಹೊತ್ತು. ಫ್ರಾನ್ಸಿನಲ್ಲಿ ರೇಷನ್ ಚೀಟಿ 1949ರವರೆಗೂ ಇತ್ತು. ಎತ್ತರ ಅಳೆಯಬೇಕೆಂದು ಹೊಂಡದಲ್ಲಿ ನಿಂತು ಟೇಪು ಹಿಡಿದರೆ ಗುಡ್ಡ ದೊಡ್ಡದಾಗಿಯೇ ಕಾಣುತ್ತದೆ. ಬೆಣ್ಣೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದು ಕಿಲೋ ಬೆಣ್ಣೆಗೆ ಮದೇರ್‌ನವನು ಏಳು ಗಂಟೆ ದುಡಿಯಬೇಕಿತ್ತು, ಸೆಸಾಕ್‌ನವನಿಗೆ ಒಂದೂವರೆ ಗಂಟೆಯೂ ಬೇಡ ಎನ್ನುತ್ತಾನೆ. ಕೂಲಿಯನ್ನು ದುಡ್ಡಿನಲ್ಲಿ ಅಳೆಯದೆ ಗಂಟೆಯಲ್ಲಿ ಅಳೆದದ್ದು ಅವನ ಜಾಣತನ, ಮೂವತ್ತು ವರ್ಷದ ಹಣದುಬ್ಬರದ ತಲೆನೋವು ಒಂದೇ ಏಟಿಗೆ ಹೋಯಿತು. ಆದರೆ ಕೆರ್ಸಿಯ ಅಡುಗೆಮನೆಯಲ್ಲಿ ಬೆಣ್ಣೆಗೆ ಯಾವತ್ತೂ ದೊಡ್ಡ ಜಾಗ ಇರಲಿಲ್ಲ. ಅಲ್ಲಿ ಬಾಣಲೆಗೆ ಬೀಳುತ್ತಿದ್ದುದು ಬಾತುಕೋಳಿಯ ಕೊಬ್ಬು, ಹಂದಿಯ ಕೊಬ್ಬು. ಮೇಲೆ ಹಾಕಿಕೊಳ್ಳಲು ಆಕ್ರೋಟದ ಎಣ್ಣೆ. ಇವೆಲ್ಲ ಮನೆಯ ಹಿತ್ತಲಲ್ಲೇ ಆಗುತ್ತಿದ್ದವು, ಇವಕ್ಕೆ ಬೆಲೆಯೂ ಇರಲಿಲ್ಲ, ಗಂಟೆಯ ಲೆಕ್ಕವೂ ಇರಲಿಲ್ಲ. ತೆಂಗಿನ ಸೀಮೆಯವನ ಬಡತನವನ್ನು ಸಾಸಿವೆ ಎಣ್ಣೆಯ ದರದಲ್ಲಿ ಅಳೆದ ಹಾಗಾಯಿತು. ಹಾಗೆಂದು ಮದೇರ್ ಸುಖವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹೆಕ್ಟೇರಿಗೆ 12 ಕ್ವಿಂಟಲ್ ಗೋಧಿ ಯಾವ ಲೆಕ್ಕದಲ್ಲೂ ಬಡತನವೇ.

ಕೈಕಸುಬಿನ ಅಂಕಿ 27ರಿಂದ 25. ಏನೂ ಆಗಿಲ್ಲ ಎಂಬಂತೆ ಕಾಣುವ ಈ ಸಾಲೇ ನನಗೆ ಹೆಚ್ಚು ಗುಮಾನಿ ತರಿಸುವುದು. ಎತ್ತು ಕುದುರೆಗಳ ಊರಿಗೆ ಲಾಳ ಕಟ್ಟುವವನು, ಗಾಡಿ ಮಾಡುವವನು ಬೇಕು. ಕಾರು ಟ್ರ್ಯಾಕ್ಟರಿನ ಊರಿಗೆ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ಪ್ಲಂಬರ್ ಬೇಕು. ಸಂಖ್ಯೆ ಅಲ್ಲೇ ನಿಂತಿದೆ, ಕೈಯಲ್ಲಿರುವ ಸಲಕರಣೆ ಪೂರ್ತಿ ಬದಲಾಗಿದೆ.

ಬೇಸಾಯದ ಕಡೆಗೂ ಒಂದು ಮಾತು. ಉಳಿದ 53 ಮಂದಿಯನ್ನು ಸೋತು ಉಳಿದವರೆಂದು ಎಣಿಸುವಂತಿಲ್ಲ. 1947ರಲ್ಲಿ ಪಕ್ಕದ ಪಾರ್ನಾಕ್‌ನಲ್ಲಿ ವೈನ್ ಸಹಕಾರ ಸಂಘ ಹುಟ್ಟಿತು. 1956ರ ಫೆಬ್ರುವರಿಯ ಹಿಮಗಾಳಿಗೆ ಕಾವೋರ್‌ನ ದ್ರಾಕ್ಷಿ ಬಹುಪಾಲು ಸುಟ್ಟುಹೋಯಿತು. ಏನೋ ಹಾಳಾಯಿತು ಎನ್ನುವಷ್ಟರಲ್ಲಿ ಅದೇ ಅವಕಾಶವೂ ಆಯಿತು: ಮತ್ತೆ ನೆಡುವಾಗ ಸೀಮೆಯ ಹಳೆಯ ತಳಿಯಾದ ಮಾಲ್ಬೆಕ್ ಅನ್ನೇ ನೆಟ್ಟರು. 1971ರಲ್ಲಿ ಕಾವೋರ್ ವೈನಿಗೆ ಮೂಲಸ್ಥಾನದ ಮುದ್ರೆ ಸಿಕ್ಕಿತು, ಕನಿಷ್ಠ ಶೇಕಡ 70 ಮಾಲ್ಬೆಕ್ ಇರಬೇಕೆಂಬ ಷರತ್ತಿನ ಮೇಲೆ. ಸೆಸಾಕ್ ಎಂಬ 1975ರ ಚಿತ್ರ ಈ ಮುದ್ರೆಗೆ ನಾಲ್ಕು ವರ್ಷ ತುಂಬಿದಾಗಿನದು. ಮುಕ್ಕಾಲು ಭಾಗ ರೈತರು ಹೋದ ಮೇಲೆ, ಉಳಿದ ಕಾಲು ಭಾಗ ಊರಿನ ಹಳೆಯ ಸರಕನ್ನು ಹೊಸ ಬೆಲೆಗೆ ಮಾರಲು ಹೊರಟಿತ್ತು.

ಈಗಿನ ತಲೆಯೆಣಿಕೆ

ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಕಮ್ಯೂನುಗಳಿವೆ, ಅಂದರೆ ಊರಮಟ್ಟದ ಸ್ಥಳೀಯ ಆಡಳಿತದ ಘಟಕಗಳು. 1789ರ ಡಿಸೆಂಬರಿನ ಕಾನೂನಿಗೆ ಹುಟ್ಟಿದ ಈ ಘಟಕ ಊರೆಷ್ಟೇ ಸಣ್ಣದಿದ್ದರೂ ಮೇಯರ್, ಕೌನ್ಸಿಲ್, ಮೇರಿ ಎಂಬ ಕಚೇರಿ ಸಮೇತ ಬರುತ್ತದೆ. ದುವೆಲ್ ಇವತ್ತಿಗೂ ಸಾವಿರ ದಾಟಿದ ಊರಲ್ಲ. ಜನಸಂಖ್ಯೆ 500ರಿಂದ 1,499ರ ನಡುವೆ ಇದ್ದರೆ ಕೌನ್ಸಿಲಿಗೆ 15 ಮಂದಿ ಎಂಬುದು ಲೆಕ್ಕ, ಹಾಗಾಗಿ ಇಲ್ಲೂ ಅಷ್ಟೇ. ಅದು ಹಳ್ಳಿಯೇ, ಅಲ್ಲವೇ ಎಂಬುದಕ್ಕೂ ಅಳತೆ ಬದಲಾಗಿದೆ. ಮನೆಗಳ ನಡುವೆ 200 ಮೀಟರಿಗಿಂತ ಹೆಚ್ಚು ಬಿಡುವಿಲ್ಲದೆ 2,000 ಜನ ಕೂಡಿದ್ದರೆ ನಗರ, ಇಲ್ಲದಿದ್ದರೆ ಗ್ರಾಮ ಎಂದು ಹಿಂದೆ ಹೇಳುತ್ತಿದ್ದರು. 2020ರಿಂದ ಅಂಕಿಅಂಶ ಸಂಸ್ಥೆ ಇನ್ಸೇ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತದೆ: ಊರಿನ ದುಡಿಯುವವರಲ್ಲಿ ನೂರಕ್ಕೆ 15 ಮಂದಿಯಾದರೂ ಪಟ್ಟಣಕ್ಕೆ ಕೆಲಸಕ್ಕೆ ಹೋಗುತ್ತಾರೆಯೇ? ಹೋದರೆ ಆ ಊರು ಪಟ್ಟಣದ ಸೆಳೆತದೊಳಗಿನದು. 1975ರ ದುವೆಲ್‌ಗೆ ಈ ಪ್ರಶ್ನೆ ಕೇಳಿದ್ದರೂ ಉತ್ತರ ಹೌದೆಂದೇ ಬರುತ್ತಿತ್ತೇನೋ.

ಎಣಿಸುವ ಬಗೆಯೂ ಬೇರೆಯಾಗಿದೆ. 2004ರಿಂದ ದೇಶವೆಲ್ಲ ಒಂದೇ ಸಲ ಗಣತಿ ಮಾಡುವುದಿಲ್ಲ. ಹತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಕಮ್ಯೂನುಗಳನ್ನು ಐದು ಗುಂಪು ಮಾಡಿ, ವರ್ಷಕ್ಕೊಂದು ಗುಂಪಿನಂತೆ ಐದು ವರ್ಷಕ್ಕೊಮ್ಮೆ ಮನೆಮನೆಗೂ ಹೋಗುತ್ತಾರೆ. ಊರಿಗೆ ಎರಡು ಸಂಖ್ಯೆ ಹುಟ್ಟುತ್ತವೆ: ಅಲ್ಲೇ ವಾಸವಿರುವವರದು ಒಂದು, ಓದಲು ಹೊರಗೆ ಹೋದ ಮಗಳು, ಬೇರೆ ಊರಿನ ವೃದ್ಧಾಶ್ರಮ ಸೇರಿದ ತಾತ ಇಂಥವರನ್ನೂ ಸೇರಿಸಿದ್ದು ಇನ್ನೊಂದು. ಸರ್ಕಾರ ಕಮ್ಯೂನಿಗೆ ಅನುದಾನ ಹಂಚುವಾಗ ಮೂರನೆಯದೊಂದನ್ನು ಮಾಡಿಕೊಳ್ಳುತ್ತದೆ. ರಜೆಗೆ ಮಾತ್ರ ಬಂದುಹೋಗುವವರ ಮನೆಗಳು ಲೊತ್ ಜಿಲ್ಲೆಯಲ್ಲಿ ಬಹಳ. ಪ್ಯಾರಿಸ್‌ನವರದು, ತೂಲೂಸ್‌ನವರದು, ಇಂಗ್ಲಿಷರದು. ಗಣತಿಯವರು ಬರುವುದು ಜನವರಿ ಫೆಬ್ರುವರಿಯ ಚಳಿಯಲ್ಲಿ, ಆಗ ಆ ಮನೆಗಳ ಮರದ ಕಿಟಕಿಬಾಗಿಲು ಮುಚ್ಚಿರುತ್ತವೆ. ಜನಸಂಖ್ಯೆಯ ಪಟ್ಟಿಗೆ ಅಲ್ಲಿಂದ ಯಾರೂ ಸೇರುವುದಿಲ್ಲ. ಅನುದಾನದ ಪಟ್ಟಿಯಲ್ಲಿ ಮಾತ್ರ ಬೀಗ ಹಾಕಿದ ಪ್ರತಿ ಮನೆಗೂ ಒಬ್ಬ ನಿವಾಸಿಯೆಂದು ಬರೆದುಕೊಳ್ಳುತ್ತಾರೆ.